ಸೈನ್ಯದ ಶೇಕಡಾ ಬೋನಸ್ ಲೆಕ್ಕ ರಿಪೋರ್ಟ್‌ಗೆ ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕು

ಆನ್‌ಲೈನ್ ಯುದ್ಧತಂತ್ರದ ಆಟವೊಂದರಲ್ಲಿ ನಿಮ್ಮ ಬಳಿ ಸಾವಿರ ಈಟಿಗಾರರಿದ್ದಾರೆ, ಒಬ್ಬೊಬ್ಬರ ದಾಳಿ ಬಲ 40. ಪಡೆಯನ್ನು ಮುನ್ನಡೆಸುವ ಹೀರೋನಿಂದ ಶೇ. 20, ಸಂಶೋಧನೆಯಿಂದ ಶೇ. 30, ಅಲಯನ್ಸ್‌ನಿಂದ (ನೀವು ಸೇರಿರುವ ಆಟಗಾರರ ಕೂಟದಿಂದ) ಶೇ. 10 ಬೋನಸ್ ಇದೆ. ಮೂರನ್ನೂ ಕೂಡಿಸಿದರೆ ಶೇ. 60, ಹಾಗಾಗಿ ಒಟ್ಟು ಬಲ 64,000 ಎಂದು ಲೆಕ್ಕ ಹಾಕಿ ಪಡೆಯನ್ನು ಕಳಿಸಿದಿರಿ. ಯುದ್ಧದ ರಿಪೋರ್ಟ್ ಬಂದಾಗ ನೋಡಿದರೆ 67,600 ಇದೆ. ಎಲ್ಲ ಬೋನಸ್‌ಗಳನ್ನೂ ಗುಣಿಸಿ ನೋಡಿದಿರಿ, 68,640 ಬಂತು. ಅದೂ ಹೊಂದುವುದಿಲ್ಲ. ಇಲ್ಲಿಗೆ ಬಂದಾಗ ಬಹಳಷ್ಟು ಆಟಗಾರರು "ಆಟದಲ್ಲೇ ಬಗ್ ಇದೆ" ಎಂದು ಕೈಬಿಡುತ್ತಾರೆ.

ಕೈಬಿಡಬೇಕಾಗಿಲ್ಲ. ಆ 67,600 ಎಂಬ ಸಂಖ್ಯೆಯಲ್ಲೇ ಉತ್ತರ ಇದೆ. ಇಂಥ ಕಡೆ ಕೂಡುವುದರಲ್ಲಿ, ಗುಣಿಸುವುದರಲ್ಲಿ ತಪ್ಪಾಗಿರುವುದು ಅಪರೂಪ. ಒಂದೊಂದು ಶೇಕಡಾ ಯಾವುದರ ಮೇಲೆ ಬೀಳುತ್ತದೆ ಎಂಬುದನ್ನು ಊಹಿಸಿಕೊಂಡಿರುತ್ತೇವೆ, ಆ ಊಹೆ ತಪ್ಪಿರುತ್ತದೆ. ಕೆಳಗಿನ ಇಡೀ ಹುಡುಕಾಟ ಆ ಒಂದೇ ಪ್ರಶ್ನೆಯ ಸುತ್ತ ನಡೆಯುತ್ತದೆ.

ಮೊದಲು ಮೂರು ಬೋನಸ್‌ಗಳ ಗುಂಪುಗಾರಿಕೆ

ಮೂರು ಬೋನಸ್‌ಗಳಿದ್ದರೆ ಅವು ಸೇರುವ ರೀತಿ ಐದೇ. ಮೂರೂ ಒಂದೇ ಗುಂಪಿನಲ್ಲಿದ್ದರೆ ಕೂಡಿಸಬೇಕು: 40,000 × 1.60 = 64,000. ಮೂರೂ ಬೇರೆ ಬೇರೆಯಾಗಿದ್ದರೆ ಗುಣಿಸಬೇಕು: 40,000 × 1.2 × 1.3 × 1.1 = 68,640. ಉಳಿದ ಮೂರರಲ್ಲಿ ಎರಡು ಒಟ್ಟಿಗಿದ್ದು ಒಂದು ಹೊರಗಿರುತ್ತದೆ. ಅಲಯನ್ಸ್ ಹೊರಗಿದ್ದರೆ 1.5 × 1.1, ಅಂದರೆ 66,000. ಹೀರೋ ಹೊರಗಿದ್ದರೆ 1.4 × 1.2, ಅಂದರೆ 67,200. ಸಂಶೋಧನೆ ಹೊರಗಿದ್ದರೆ 1.3 × 1.3, ಅಂದರೆ 67,600.

ನಿಮ್ಮ ರಿಪೋರ್ಟ್‌ನಲ್ಲಿದ್ದದ್ದು ಈ ಕೊನೆಯದೇ. ಅಂದರೆ ಈ ಆಟ ಸಂಶೋಧನೆಯ ಶೇ. 30ನ್ನು ಮೊದಲು ಈಟಿಗಾರನ ಬಲಕ್ಕೇ ಸೇರಿಸಿ 40ನ್ನು 52 ಮಾಡಿಕೊಳ್ಳುತ್ತದೆ. ಹೀರೋ ಮತ್ತು ಅಲಯನ್ಸ್ ಬೋನಸ್‌ಗಳನ್ನು ಕೂಡಿಸಿ, ಬಂದ ಶೇ. 30ನ್ನು ಯುದ್ಧದ ಹೊತ್ತಿಗೆ ಇಡೀ ಪಡೆಯ ಮೇಲೆ ಹಾಕುತ್ತದೆ. ಪಡೆಗೆ ಶಾಶ್ವತವಾಗಿ ಅಂಟಿದ ಬೋನಸ್ ಒಂದು ಕಡೆ, ಯುದ್ಧದ ಹೊತ್ತಿನ ಬೋನಸ್ ಇನ್ನೊಂದು ಕಡೆ ಎಂಬ ಈ ಏರ್ಪಾಡು ಇಂಥ ಆಟಗಳಲ್ಲಿ ಸಾಮಾನ್ಯ. ಎಲ್ಲವನ್ನೂ ಕೂಡಿಸಿದ ಉತ್ತರ, ಎಲ್ಲವನ್ನೂ ಗುಣಿಸಿದ ಉತ್ತರ ಎರಡೂ ಹೊಂದದೆ ರಿಪೋರ್ಟ್ ಅವುಗಳ ನಡುವೆ ಎಲ್ಲೋ ಇದ್ದರೆ ಮೊದಲು ಈ ಏರ್ಪಾಡನ್ನೇ ಪರೀಕ್ಷಿಸಿ.

ಐದೂ ಉತ್ತರಗಳು ಬೇರೆ ಬೇರೆ ಬಂದಿದ್ದರಿಂದ ಒಂದೇ ರಿಪೋರ್ಟ್‌ನಲ್ಲಿ ಗುಟ್ಟು ಬಯಲಾಯಿತು. ಮೂರೂ ಬೋನಸ್ ಶೇ. 10 ಆಗಿದ್ದಿದ್ದರೆ ಎರಡು ಒಳಗೆ ಒಂದು ಹೊರಗೆ ಎಂಬ ಮೂರೂ ಸಾಧ್ಯತೆಗಳಿಗೆ ಒಂದೇ ಉತ್ತರ ಬರುತ್ತಿತ್ತು, ಹೊರಗಿರುವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ಪರೀಕ್ಷೆಗೆ ಒಂದಕ್ಕೊಂದು ಹೊಂದದ ಬೋನಸ್‌ಗಳನ್ನು ಆರಿಸಿಕೊಳ್ಳಿ.

ನಾಲ್ಕೈದು ಬೋನಸ್‌ಗಳಿದ್ದರೆ ಸಾಧ್ಯತೆಗಳು ಬೇಗ ಬೆಳೆಯುತ್ತವೆ: ನಾಲ್ಕಕ್ಕೆ 15, ಐದಕ್ಕೆ 52. ಆಗ ಎಲ್ಲವನ್ನೂ ಒಟ್ಟಿಗೆ ಬಿಡಿಸಲು ಹೋಗಬೇಡಿ, ಎರಡೆರಡನ್ನೇ ಹಚ್ಚಿ ನೋಡಿ. ಶೇ. 20 ಮತ್ತು ಶೇ. 30 ಸೇರಿ ಶೇ. 50 ಬಂದರೆ ಎರಡೂ ಒಂದೇ ಗುಂಪಿನವು. ಶೇ. 56 ಬಂದರೆ ಬೇರೆ ಬೇರೆ ಗುಂಪಿನವು. ಆ ಹೆಚ್ಚುವರಿ 6 ಬಂದದ್ದು 0.2 × 0.3ರಿಂದ. ಇದೇ ಕಾರಣಕ್ಕೆ ಶೇ. 2, ಶೇ. 3ರಂಥ ಪುಟ್ಟ ಬೋನಸ್‌ಗಳಿಂದ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಅವುಗಳ ಗುಣಲಬ್ಧ ಶೇ. 0.06, ಅದು ದಶಮಾಂಶ ಕತ್ತರಿಸುವುದರಲ್ಲೇ ಕಳೆದುಹೋಗುತ್ತದೆ. ನಿಮ್ಮ ಬಳಿ ಇರುವ ಅತಿ ದೊಡ್ಡ ಬೋನಸ್‌ಗಳನ್ನೇ ಹಚ್ಚಿ.

ಪರೀಕ್ಷೆಗೆ ಪಡೆ ಕಳಿಸುವಾಗ

ಒಂದೇ ಬಗೆಯ ಸೈನಿಕರಿರಲಿ. ಎದುರಿಗೆ ಪ್ರತಿ ಸಲವೂ ಅದೇ ಗುರಿ, ಅದೇ ರಕ್ಷಣೆ ಇರಲಿ. ಅಲಯನ್ಸ್‌ನ ಗೆಳೆಯರೊಬ್ಬರು ಒಪ್ಪಿದರೆ ಒಳ್ಳೆಯದು, ಆಟದಲ್ಲೇ ಸಿಮ್ಯುಲೇಟರ್ (ಯುದ್ಧದ ಫಲಿತಾಂಶವನ್ನು ಮೊದಲೇ ಲೆಕ್ಕ ಹಾಕಿ ತೋರಿಸುವ ಸಾಧನ) ಇದ್ದರೆ ಇನ್ನೂ ಒಳ್ಳೆಯದು. ಮೊದಲ ಸಲ ಒಂದೂ ಬೋನಸ್ ಇಲ್ಲದೆ ಕಳಿಸಿ. ಈ ಖಾಲಿ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಮೂಲ ಬಲವೇ ನೀವು ಅಂದುಕೊಂಡಷ್ಟು ಇಲ್ಲದಿದ್ದರೆ ಮುಂದಿನ ಎಲ್ಲ ಲೆಕ್ಕವೂ ಅದೇ ತಪ್ಪನ್ನು ಹೊತ್ತುಕೊಂಡು ಬರುತ್ತದೆ. ಆಮೇಲೆ ಒಂದೊಂದೇ ಬೋನಸ್ ಸೇರಿಸಿ.

ಆಟದಲ್ಲಿ ಅದೃಷ್ಟದ ಅಂಶವಿದ್ದರೆ ಅದನ್ನು ಮೊದಲು ತೆಗೆದುಹಾಕಬೇಕು. ಟ್ರೈಬಲ್ ವಾರ್ಸ್ ಎಂಬ ಆಟದಲ್ಲಿ ಅದೃಷ್ಟ ದಾಳಿ ಬಲವನ್ನು ಶೇ. 25ರವರೆಗೆ ಮೇಲಕ್ಕೋ ಕೆಳಕ್ಕೋ ಎಳೆಯಬಲ್ಲದು. ಅದರ ಪ್ರಮಾಣವನ್ನು ರಿಪೋರ್ಟ್‌ನಲ್ಲೇ ಬರೆದಿರುತ್ತಾರೆ. ಅದೃಷ್ಟ +12 ಎಂದಿದ್ದರೆ ಬಂದ ಬಲವನ್ನು 1.12ರಿಂದ ಭಾಗಿಸಿ, ಆಮೇಲೆ ಹೋಲಿಸಿ. ತನಗಿಂತ ತೀರಾ ಚಿಕ್ಕ ಆಟಗಾರನ ಮೇಲೆ ದಾಳಿ ಮಾಡಿದಾಗ ಮನೋಬಲದ ಕಡಿತವೂ ಇರುತ್ತದೆ, ಅದನ್ನೂ ಹೀಗೇ ಭಾಗಿಸಿ ತೆಗೆಯಿರಿ.

ರಿಪೋರ್ಟ್‌ನಲ್ಲಿ ಬಲವೇ ಕಾಣದಿದ್ದರೆ

ಇದು ನಿಜವಾದ ತಲೆನೋವು, ಇಲ್ಲಿ ಸ್ವಲ್ಪ ನಿಲ್ಲಬೇಕು. ಎಷ್ಟೋ ಆಟಗಳು ಸತ್ತ ಸೈನಿಕರ ಸಂಖ್ಯೆಯನ್ನಷ್ಟೇ ತೋರಿಸುತ್ತವೆ. "ಶೇ. 20 ಬೋನಸ್ ಹಾಕಿದೆ, ಸಾವು ಶೇ. 20 ಇಳಿಯಲಿಲ್ಲ" ಎಂಬ ದೂರು ಹುಟ್ಟುವುದು ಇಲ್ಲೇ. ಬಲಕ್ಕೂ ನಷ್ಟಕ್ಕೂ ನಡುವೆ ಇನ್ನೊಂದು ಸೂತ್ರ ಕೂತಿದೆ ಎಂಬುದು ಮರೆತುಹೋಗುತ್ತದೆ.

ಟ್ರೈಬಲ್ ವಾರ್ಸ್‌ನ ಸೂತ್ರವನ್ನೇ ನೋಡೋಣ. ಅಲ್ಲಿ ಗೆದ್ದವರ ನಷ್ಟದ ಪ್ರಮಾಣ ಎಂದರೆ ಸೋತವರ ಬಲವನ್ನು ಗೆದ್ದವರ ಬಲದಿಂದ ಭಾಗಿಸಿ, ಬಂದದ್ದನ್ನು 1.5ನೇ ಘಾತಕ್ಕೆ ಏರಿಸಿದ್ದು. ಎದುರಾಳಿಯ ಬಲ ನಿಮ್ಮದರ ಅರ್ಧ ಇದ್ದರೆ ಅರ್ಧ ಸೈನ್ಯ ಸಾಯುವುದಿಲ್ಲ. 0.5ರ 1.5ನೇ ಘಾತ 0.354, ಅಂದರೆ ಸಾವಿರಕ್ಕೆ ಸುಮಾರು 354 ಮಂದಿ. ಈಗ ಶೇ. 20 ದಾಳಿ ಬೋನಸ್ ಸೇರಿಸಿ. ಅನುಪಾತ 0.5 ÷ 1.2 = 0.417ಕ್ಕೆ ಇಳಿಯುತ್ತದೆ, ಅದರ 1.5ನೇ ಘಾತ 0.269. ಸಾವಿರಕ್ಕೆ 269. ಹಾಕಿದ್ದು ಶೇ. 20 ಬೋನಸ್, ಸಾವು ಇಳಿದದ್ದು ಸುಮಾರು ಶೇ. 24. ಬೋನಸ್ ಸರಿಯಾಗಿಯೇ ಕೆಲಸ ಮಾಡಿದೆ, ನಷ್ಟ ಮಾತ್ರ ಅದೇ ಅಳತೆಯಲ್ಲಿ ಓಡುವುದಿಲ್ಲ.

ಹಿಂದಕ್ಕೆ ಲೆಕ್ಕ ಹಾಕುವುದೂ ಸಾಧ್ಯ. ಸಾವಿನ ಪ್ರಮಾಣವನ್ನು 2/3ನೇ ಘಾತಕ್ಕೆ ಏರಿಸಿದರೆ ಬಲಗಳ ಅನುಪಾತ ಸಿಗುತ್ತದೆ. ಬೋನಸ್ ಇಲ್ಲದ ರಿಪೋರ್ಟ್‌ನಿಂದ ಒಂದು ಅನುಪಾತ, ಇರುವ ರಿಪೋರ್ಟ್‌ನಿಂದ ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 1.2ರ ಹತ್ತಿರ ಬಂದರೆ ಶೇ. 20 ನಿಜವಾಗಿಯೂ ಬಿದ್ದಿದೆ. ನಿಮ್ಮ ಆಟದ ನಷ್ಟದ ಸೂತ್ರ ಬೇರೆಯಾಗಿರಬಹುದು, ದಾರಿ ಇದೇ: ಮೊದಲು ನಷ್ಟದಿಂದ ಅನುಪಾತಕ್ಕೆ, ಅಲ್ಲಿಂದ ಬೋನಸ್‌ಗೆ.

ಒಂದೊಂದು ಮಟ್ಟದ ಬೋನಸ್: ಕೂಡುತ್ತದೆಯೋ, ಚಕ್ರಬಡ್ಡಿಯಂತೆ ಬೆಳೆಯುತ್ತದೆಯೋ

"ಪ್ರತಿ ಮಟ್ಟಕ್ಕೆ ಶೇ. 3" ಎಂದು ಬರೆದಿದ್ದರೆ ಅದಕ್ಕೆ ಎರಡು ಅರ್ಥಗಳಿರಬಹುದು. ಟ್ರಾವಿಯನ್ ಎಂಬ ಆಟದಲ್ಲಿ ರೋಮನ್ನರ ಗೋಡೆಯ ರಕ್ಷಣಾ ಬೋನಸ್ ಮಟ್ಟಕ್ಕೆ 1.03ರಂತೆ ಗುಣಿಸುತ್ತಾ ಹೋಗುತ್ತದೆ. 20ನೇ ಮಟ್ಟದಲ್ಲಿ 20 × 3 = 60 ಆಗುವುದಿಲ್ಲ. 1.03ರ 20ನೇ ಘಾತ 1.806, ಅಂದರೆ ಸುಮಾರು ಶೇ. 81. ಅದೇ ಆಟದ ಬೇರೆ ಬುಡಕಟ್ಟುಗಳಾದ ಗಾಲ್‌ಗಳ ಬೇಲಿಗೆ 1.025, ಟ್ಯೂಟನ್‌ಗಳ ಮಣ್ಣಿನ ಗೋಡೆಗೆ 1.02. ಅವು 20ನೇ ಮಟ್ಟದಲ್ಲಿ ಸುಮಾರು ಶೇ. 64 ಮತ್ತು ಶೇ. 49 ಕೊಡುತ್ತವೆ. ರಕ್ಷಣಾ ಬಲ 10,000 ಇರುವ ರೋಮನ್ ಹಳ್ಳಿಗೆ ಶೇ. 60 ಎಂದುಕೊಂಡು 16,000 ಮೀರುವ ಪಡೆ ಕಳಿಸಿದರೆ ಅಲ್ಲಿ ಎದುರಾಗುವುದು 18,000ಕ್ಕೂ ಹೆಚ್ಚು. ಆ ಪಡೆ ವಾಪಸ್ ಬರುವುದಿಲ್ಲ.

ಬಾಹ್ಯಾಕಾಶ ಯುದ್ಧದ ಆಟವಾದ ಓಗೇಮ್‌ನಲ್ಲಿ ಇದರ ತಿರುವುಮುರುವು. ಅಲ್ಲಿ ಶಸ್ತ್ರಾಸ್ತ್ರ ತಂತ್ರಜ್ಞಾನದ ಪ್ರತಿ ಮಟ್ಟವೂ ಹಡಗಿನ ಮೂಲ ಬಲದ ಶೇ. 10ನ್ನು ಕೂಡಿಸುತ್ತದೆ, ಅಷ್ಟೇ. ಲೈಟ್ ಫೈಟರ್ ಎಂಬ ಹಡಗಿನ ಮೂಲ ಶಸ್ತ್ರಬಲ 50. 12ನೇ ಮಟ್ಟದಲ್ಲಿ ಅದು 110 ಆಗುತ್ತದೆ. ಗುಣಿಸುತ್ತಾ ಹೋದವರ ಲೆಕ್ಕದಲ್ಲಿ 157ರ ಹತ್ತಿರ ಬರುತ್ತದೆ, ಅದು ತಪ್ಪು.

ಕೂಡುವ ಬೋನಸ್‌ಗಳಲ್ಲಿ ಇನ್ನೊಂದು ಸಂಗತಿ ದೋಷದಂತೆ ಕಾಣುತ್ತದೆ. 11ನೇ ಮಟ್ಟದಲ್ಲಿ 105, 12ರಲ್ಲಿ 110. ಏರಿದ್ದು 5, ಅಂದರೆ ಆಗ ಇದ್ದ ಬಲದ ಶೇ. 4.8ರಷ್ಟು. "ಶೇ. 10 ಎಂದು ಬರೆದಿದ್ದಾರೆ, ಅರ್ಧವೂ ಬಂದಿಲ್ಲ" ಎನ್ನಿಸುವುದು ಸಹಜ, ಆದರೆ ಆಟ ಮಾತು ತಪ್ಪಿಲ್ಲ. ಮೂಲ ಬಲದ ಶೇ. 10 ಬಂದಿದೆ. ಈಗಾಗಲೇ ಶೇ. 110 ಬೋನಸ್ ಇರುವ ಪಡೆಗೆ ಅದೇ ಗುಂಪಿಗೆ ಇನ್ನೊಂದು ಶೇ. 10 ಸೇರಿದರೆ ಸಿಗುವುದು ಇಷ್ಟೇ. ಹಾಗಾಗಿಯೇ ಗುಂಪುಗಳು ತಿಳಿದವರು ಹೊಸ ಬೋನಸ್‌ಗೆ ಸಂಪನ್ಮೂಲ ಸುರಿಯುವ ಮುನ್ನ ಅದು ತುಂಬಿದ ಗುಂಪಿಗೆ ಬೀಳುತ್ತದೆಯೋ ಖಾಲಿ ಗುಂಪಿಗೆ ಬೀಳುತ್ತದೆಯೋ ಎಂದು ನೋಡುತ್ತಾರೆ. ಖಾಲಿ ಗುಂಪಿನ ಶೇ. 8 ತುಂಬಿದ ಗುಂಪಿನ ಶೇ. 15ಕ್ಕಿಂತ ಹೆಚ್ಚು ಕೊಡಬಹುದು. ಮೇಲಿನ ಪಡೆಗೇ ಹಾಕಿ ನೋಡಿ: 2.10ರ ಗುಂಪಿಗೆ ಶೇ. 15 ಸೇರಿದರೆ 2.25, ಅಂದರೆ ಶೇ. 7.1 ಏರಿಕೆ. ಬೇರೆ ಗುಂಪಿನ ಶೇ. 8 ಪೂರ್ತಿ ಶೇ. 8ನ್ನೇ ಕೊಡುತ್ತದೆ.

"ಬೋನಸ್ ಶೇ. 50 ಹೆಚ್ಚುತ್ತದೆ" ಎಂಬ ಸಾಲನ್ನೂ ಹೀಗೇ ಅನುಮಾನದಿಂದ ಓದಿ. ಇದ್ದ ಶೇ. 20ರ ಅರ್ಧ ಸೇರಿ ಶೇ. 30 ಆಗಬಹುದು, 20ಕ್ಕೆ 50 ಸೇರಿ ಶೇ. 70 ಆಗಲೂಬಹುದು. ವಿವರಣೆಯ ಸಾಲಿನಿಂದ ಇದು ತೀರ್ಮಾನವಾಗುವುದಿಲ್ಲ, ಪರೀಕ್ಷೆಯಿಂದ ಆಗುತ್ತದೆ.

ಭಾಗಿಸಿ ನೋಡಿದರೆ ಕಳ್ಳ ಸಿಗುತ್ತಾನೆ

ನನಗೆ ಎಲ್ಲಕ್ಕಿಂತ ಉಪಯುಕ್ತ ಎನಿಸುವ ತಪಾಸಣೆ ಇದು. ವ್ಯತ್ಯಾಸ ಎಷ್ಟು ಎಂದು ಕಳೆಯುವ ಬದಲು ರಿಪೋರ್ಟ್‌ನ ಸಂಖ್ಯೆಯನ್ನು ನಿಮ್ಮ ಸಂಖ್ಯೆಯಿಂದ ಭಾಗಿಸಿ. ಮೊದಲ ಉದಾಹರಣೆಯ ಮೂರು ಬೋನಸ್‌ಗಳೂ ಬೇರೆ ಬೇರೆ ಗುಂಪಿನಲ್ಲಿವೆ ಎಂದುಕೊಳ್ಳಿ. 0.769 ಬಂದರೆ ಅದು 1 ÷ 1.3: ಸಂಶೋಧನೆಯ ಶೇ. 30ನ್ನು ಎರಡು ಸಲ ಸೇರಿಸಿದ್ದೀರಿ. 0.833 ಬಂದರೆ ಹೀರೋನ ಶೇ. 20, 0.909 ಬಂದರೆ ಅಲಯನ್ಸ್‌ನ ಶೇ. 10 ಎರಡು ಸಲ ಸೇರಿದೆ. ಎರಡು ಸಲ ಸೇರುವುದಕ್ಕೆ ಮಾಮೂಲಿ ಕಾರಣವೆಂದರೆ ಸೈನಿಕನ ಪುಟದಲ್ಲಿ ಕಾಣುವ 52ನ್ನು ಮೂಲ ಬಲ ಎಂದುಕೊಳ್ಳುವುದು. ಅದರಲ್ಲಿ ಸಂಶೋಧನೆ ಆಗಲೇ ಸೇರಿಬಿಟ್ಟಿರುತ್ತದೆ. ಭಾಗಲಬ್ಧ 1.1, 1.2, 1.3ರಂತೆ ಒಂದಕ್ಕಿಂತ ಹೆಚ್ಚಿದ್ದರೆ ಆ ಬೋನಸ್ ನಿಮ್ಮ ಹಾಳೆಯಲ್ಲಿ ಬಿಟ್ಟುಹೋಗಿದೆ.

ಕೂಡುವ ಗುಂಪಿನಲ್ಲಿ ಬಿಟ್ಟುಹೋದದ್ದು ಇಷ್ಟು ನೇರವಾಗಿ ಕಾಣುವುದಿಲ್ಲ. ಮೂರೂ ಒಂದೇ ಗುಂಪಿನಲ್ಲಿದ್ದು ಹೀರೋ ತಪ್ಪಿಹೋಗಿದ್ದರೆ 1.6 ÷ 1.4, ಅಂದರೆ 1.143 ಬರುತ್ತದೆ. ಆದ್ದರಿಂದಲೇ ಗುಂಪುಗಳನ್ನು ಮೊದಲು ಪತ್ತೆ ಮಾಡಿಕೊಂಡು ಆಮೇಲೆ ಈ ಭಾಗಾಕಾರಕ್ಕೆ ಬರಬೇಕು.

ಸಂಖ್ಯೆ ಯಾವುದಕ್ಕೂ ಹೊಂದದೆ ಹೋದರೆ ಷರತ್ತುಗಳನ್ನು ನೋಡಿ. ಬೋನಸ್ ಅಶ್ವದಳಕ್ಕೆ ಮಾತ್ರವೇ? ದಾಳಿಗೆ ಮಾತ್ರವೇ? ಹೀರೋ ಪಡೆಯ ಜೊತೆ ಹೋಗಿದ್ದನೇ, ಇಲ್ಲ ಊರಲ್ಲೇ ಉಳಿದನೇ? ಟ್ರಾವಿಯನ್‌ನ ಹೀರೋ ದಾಳಿ ಬೋನಸ್ ಒಂದು ಪಾಯಿಂಟ್‌ಗೆ ಶೇ. 0.2ರಂತೆ ಗರಿಷ್ಠ ಶೇ. 20ರವರೆಗೆ ಏರುತ್ತದೆ, ಆದರೆ ಹೀರೋ ಜೊತೆಗಿಲ್ಲದ ದಾಳಿಗೆ ಅದು ಸಿಗುವುದಿಲ್ಲ. ತಾತ್ಕಾಲಿಕ ಬಫ್ (ಸ್ವಲ್ಪ ಹೊತ್ತು ಮಾತ್ರ ಇರುವ ಬೋನಸ್) ದಾರಿಯ ಮಧ್ಯೆ ಮುಗಿದುಹೋಯಿತೇ ಎಂಬುದನ್ನೂ ನೋಡಿ. ಕೆಲವು ಆಟಗಳು ಪಡೆ ಹೊರಟಾಗಿನ ಬೋನಸ್ ಹಿಡಿಯುತ್ತವೆ, ಕೆಲವು ತಲುಪಿದಾಗಿನದನ್ನು. ಬಫ್ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ದೂರದ ಗುರಿಗೆ ಒಂದು ಚಿಕ್ಕ ಪಡೆ ಕಳಿಸಿದರೆ ನಿಮ್ಮ ಆಟ ಯಾವ ಜಾತಿಯದು ಎಂದು ತಿಳಿಯುತ್ತದೆ. ಇನ್ನು, ಬೋನಸ್ ಏರಿಸಿದರೂ ಫಲಿತಾಂಶ ಒಂದಿಷ್ಟೂ ಕದಲದಿದ್ದರೆ ಅಲ್ಲೊಂದು ಗರಿಷ್ಠ ಮಿತಿ ಇದೆ ಎಂದರ್ಥ.

ಮಿಶ್ರ ಪಡೆ

ಕಾಲಾಳುಗಳಿಗೆ ಶೇ. 10, ಅಶ್ವದಳಕ್ಕೆ ಶೇ. 20 ಇದ್ದರೆ ಇಡೀ ಪಡೆಗೆ ಶೇ. 15 ಎಂದು ಸರಾಸರಿ ತೆಗೆಯುವಂತಿಲ್ಲ. 900 ಕಾಲಾಳುಗಳ ಬಲ ತಲಾ 40ರಂತೆ 36,000, ಬೋನಸ್ ಸೇರಿ 39,600. 100 ಕುದುರೆ ಸವಾರರ ಬಲ ತಲಾ 120ರಂತೆ 12,000, ಬೋನಸ್ ಸೇರಿ 14,400. ಒಟ್ಟು 54,000. ಮೂಲ 48,000ಕ್ಕೆ ಹೋಲಿಸಿದರೆ ಶೇ. 12.5. ಪ್ರತಿ ದಳದ ಲೆಕ್ಕವನ್ನು ಬೇರೆ ಬೇರೆ ಮಾಡಿ ಕೊನೆಗೆ ಕೂಡಿಸಿ.

ಕಡಿತದ ಶೇಕಡಾಗಳು

ಎದುರಾಳಿ ನಿಮ್ಮ ಬಲಕ್ಕೆ ಶೇ. 20 ಕಡಿತ ಹಾಕಿದ, ನಿಮ್ಮದೇ ಶೇ. 20 ಬೋನಸ್ ಇದೆ. ಒಂದೇ ಗುಂಪಾದರೆ ಸೊನ್ನೆ, ಬೇರೆ ಗುಂಪಾದರೆ 1.2 × 0.8 = 0.96, ಅಂದರೆ ಶೇ. 4 ನಷ್ಟ. ಹಾನಿ ತಗ್ಗಿಸುವ ಎರಡು ಶೇ. 30ಗಳು ಕೂಡಿದರೆ ಶೇ. 60, ಗುಣಿಸಿದರೆ ಶೇ. 51. ಕೂಡುವ ಬಗೆಯಲ್ಲಿ ಶೇ. 100 ಮುಟ್ಟಿದರೆ ಸೈನ್ಯಕ್ಕೆ ಸಾವೇ ಇರುವುದಿಲ್ಲ, ಹಾಗಾಗಿ ಅಂಥ ಕಡೆ ಮಿತಿ ಇದ್ದೇ ಇರುತ್ತದೆ ಎಂದು ಎಣಿಸಿಕೊಂಡು ಹುಡುಕಿ.

ತರಬೇತಿಯ ವೇಗಕ್ಕೂ ಇದೇ ಗೊಂದಲ ಅಂಟಿದೆ. ವೇಗ ಶೇ. 25 ಹೆಚ್ಚಿದರೆ 100 ನಿಮಿಷದ ಕೆಲಸಕ್ಕೆ 100 ÷ 1.25 = 80 ನಿಮಿಷ ಹಿಡಿಯುತ್ತದೆ. ಸಮಯ ಶೇ. 25 ಕಡಿಮೆಯಾದರೆ 75 ನಿಮಿಷ. ಬೋನಸ್ ವೇಗದ್ದೋ ಸಮಯದ್ದೋ ಎಂದು ನೋಡಿ.

ಕೊನೆಯ ಅಂಕಿಯಲ್ಲಿ ತಪ್ಪುವ ಲೆಕ್ಕ

ಗುಂಪು ಸರಿ, ಷರತ್ತು ಸರಿ, ಆದರೂ ಚೂರು ವ್ಯತ್ಯಾಸ ಉಳಿದಿದೆ ಎಂದರೆ ದಶಮಾಂಶ ಎಲ್ಲಿ ಕತ್ತರಿಸುತ್ತಾರೆ ಎಂದು ನೋಡಬೇಕು. ಬಲ 33 ಇರುವ ಸೈನಿಕನಿಗೆ ಶೇ. 5 ಸೇರಿಸಿದರೆ 34.65. ಅಂಥ 800 ಮಂದಿಯ ಒಟ್ಟು ಬಲ, ಕೊನೆಯವರೆಗೂ ಏನೂ ಕತ್ತರಿಸದಿದ್ದರೆ, 27,720. ಪ್ರತಿ ಸೈನಿಕನ ಬಲದಲ್ಲೂ ದಶಮಾಂಶ ಬಿಟ್ಟು 34 ಮಾಡಿದರೆ 27,200. ಹತ್ತಿರದ ಪೂರ್ಣ ಸಂಖ್ಯೆಗೆ ಏರಿಸಿ 35 ಮಾಡಿದರೆ 28,000. ಇದನ್ನು ಪತ್ತೆ ಹಚ್ಚುವುದು ಸುಲಭ: ಪಡೆಯನ್ನು ಎರಡರಷ್ಟು ಮಾಡಿ ಮತ್ತೆ ಕಳಿಸಿ. ವ್ಯತ್ಯಾಸವೂ ಎರಡರಷ್ಟಾದರೆ ಕತ್ತರಿ ಬೀಳುವುದು ಒಬ್ಬೊಬ್ಬ ಸೈನಿಕನ ಮಟ್ಟದಲ್ಲಿ. ವ್ಯತ್ಯಾಸ ಎಷ್ಟು ದೊಡ್ಡ ಪಡೆಗೂ ಒಂದರೊಳಗೇ ಇದ್ದರೆ ಒಟ್ಟು ಮೊತ್ತದ ಮಟ್ಟದಲ್ಲಿ.

ಸೈನಿಕನ ಮಟ್ಟದಲ್ಲಿ ಕತ್ತರಿಸುವ ಆಟದಲ್ಲಿ ದುರ್ಬಲ ಪಡೆಗಳಿಗೆ ಸಣ್ಣ ಬೋನಸ್ ಹಾಕುವುದು ಶುದ್ಧ ವ್ಯರ್ಥ. ಬಲ 10ಕ್ಕೆ ಶೇ. 4 ಸೇರಿಸಿದರೆ 10.4, ಕತ್ತರಿಸಿದರೆ ಮತ್ತೆ 10. ಅದನ್ನು ಸಂಪಾದಿಸಲು ಸುರಿದ ಸಂಪನ್ಮೂಲಕ್ಕೆ ಪ್ರತಿಫಲವಾಗಿ ಒಂದು ಪಾಯಿಂಟ್ ಕೂಡ ಬರುವುದಿಲ್ಲ.

ಸ್ವಂತ ಕ್ಯಾಲ್ಕುಲೇಟರ್ ಬರೆಯುವವರಿಗೆ ಇನ್ನೊಂದು ಅಪಾಯವಿದೆ. ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ 1.1, 1.15ರಂಥವು ಅದರೊಳಗೆ ಪೂರ್ತಿ ನಿಖರವಾಗಿ ಕೂರುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ 100 × 1.1 ಮಾಡಿದರೆ 110.00000000000001 ಬರುತ್ತದೆ. ಅದನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿದರೆ 111. 1.15 × 100 ಮಾಡಿದರೆ 114.99999999999999, ದಶಮಾಂಶ ಬಿಟ್ಟರೆ 114. ಒಬ್ಬ ಸೈನಿಕನಿಗೆ ಒಂದು ಪಾಯಿಂಟ್, ಹತ್ತು ಸಾವಿರ ಮಂದಿಗೆ ಹತ್ತು ಸಾವಿರ. ಎಕ್ಸೆಲ್ 15 ಅಂಕಿಗಳನ್ನಷ್ಟೇ ತೋರಿಸುವುದರಿಂದ ಹಾಳೆಯಲ್ಲಿ ಈ ಬಾಲ ಕಣ್ಣಿಗೆ ಬೀಳುವುದೂ ಇಲ್ಲ. ಪರಿಹಾರ ಸರಳ: ಬೋನಸ್‌ಗಳನ್ನು 1.15 ಎಂದು ಇಡದೆ 115 ಎಂದು ಪೂರ್ಣ ಸಂಖ್ಯೆಯಲ್ಲೇ ಇಟ್ಟು, ಎಲ್ಲವನ್ನೂ ಗುಣಿಸಿ, ಕಟ್ಟಕಡೆಗೆ ಒಂದೇ ಸಲ 100ರಿಂದ ಭಾಗಿಸಿ. ಎರಡು ಗುಂಪುಗಳಿದ್ದರೆ 10,000ದಿಂದ.

ಇಷ್ಟೆಲ್ಲ ಆದ ಮೇಲೂ ತಾಳೆಯಾಗದಿದ್ದರೆ

ಆಗ ಅದು ಬಗ್ ಇರಬಹುದು, ಡೆವಲಪರ್‌ಗಳಿಗೆ ಬರೆಯಿರಿ. "ಬೋನಸ್ ಕೆಲಸ ಮಾಡುತ್ತಿಲ್ಲ" ಎಂಬ ಒಂದು ಸಾಲಿನ ದೂರಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಬೋನಸ್ ಇಲ್ಲದ ರಿಪೋರ್ಟ್, ಒಂದೇ ಬೋನಸ್ ಇರುವ ರಿಪೋರ್ಟ್, ಎರಡೂ ಸೇರಿದ ರಿಪೋರ್ಟ್ ಈ ಮೂರನ್ನೂ ಕೊಡಿ. ಸೈನಿಕರ ಬಗೆ, ಸಂಖ್ಯೆ, ಪಡೆ ಹೊರಟ ಮತ್ತು ತಲುಪಿದ ಸಮಯ, ನೀವು ನಿರೀಕ್ಷಿಸಿದ ಸಂಖ್ಯೆ, ಬಂದ ಸಂಖ್ಯೆ, ಎರಡರ ಭಾಗಲಬ್ಧ ಇವನ್ನೂ ಬರೆಯಿರಿ. ಬೋನಸ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್ ಅನ್ನು ಪಡೆ ಹೊರಡುವ ಮುನ್ನವೇ ತೆಗೆದಿಟ್ಟುಕೊಂಡಿರಿ, ಯುದ್ಧ ಮುಗಿದ ಮೇಲೆ ಆ ಪಟ್ಟಿ ಬದಲಾಗಿರುತ್ತದೆ. ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಹಳೆಯ ಹಾಳೆಯನ್ನು ನಂಬುವ ಮುನ್ನ ಶೇ. 20 ಮತ್ತು ಶೇ. 30ರ ಜೋಡಿ ಪರೀಕ್ಷೆಯನ್ನು ಒಮ್ಮೆ ಮಾಡಿ, 50 ಬರುತ್ತದೋ 56 ಬರುತ್ತದೋ ನೋಡಿಕೊಳ್ಳಿ.